ಅಮೆರಿಕದ ನಾಟಕಕಾರರ ಮೌನಕ್ಕೆ ನಾನು ಬಾಯಿ ಹಾಕಿದ್ದು

ನನ್ನಂಥ ಸಂಕೋಚದವರು ಬಾಯಿ ತೆರೆಯುವುದೇ ಅಪರೂಪ. ತೆರೆದರೆ ಮಾತ್ರ ತೆರೆಯಬಾರದ ಜಾಗದಲ್ಲೇ ತೆರೆಯುತ್ತೇವೆ. ಊರಿನಲ್ಲಿರುವ ಮಕ್ಕಳೇ, ದೋಹಾದ ಈ ಕಥೆಯನ್ನು ನನ್ನ ಮೊಮ್ಮಗಳು, ನಿಮ್ಮ ಅನ್ವಿ, ಫೋನಿನಲ್ಲಿ ಹೇಳಿ ನಗಿಸಿರಬಹುದು. ಅವಳಿಗೆ ಗೊತ್ತಿರುವುದು ಅರ್ಧ ಮಾತ್ರ.

ಅವಳ ಶಾಲೆಯ ಮಕ್ಕಳು ಆಡುವ ತಮ್ಮದೇ ನಾಟಕ ನೋಡಲು ಅಮೆರಿಕದ ಒಬ್ಬ ವಯಸ್ಸಾದ ನಾಟಕಕಾರರು ಬರುವವರಿದ್ದರು. ಬಿನ್ ಮಹಮೂದ್ ಬಡಾವಣೆಯ ನಮ್ಮ ಅಡುಗೆಮನೆಯಲ್ಲಿ ನಾನು ಬಸಳೆ ಹೆಚ್ಚುತ್ತಿದ್ದಾಗ ಅನ್ವಿ ಅವರ ಚರಿತ್ರೆ ಒಪ್ಪಿಸಿದಳು. ಪೆಟ್ರೋಲ್ ಬಂಕಿನವನ ಮಗ. ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾ ಬರೆದವರು. ಮೊದಲ ನಾಟಕಗಳಿಗೆ ಜನ ಅರ್ಧಕ್ಕೇ ಎದ್ದುಹೋದರಂತೆ. ಆಮೇಲೆ ಪಾತ್ರಗಳ ಮಾತು ಕಡಿಮೆ ಮಾಡುತ್ತಾ ಬಂದರು, ಬಹುಮಾನಗಳೂ ಬಂದವು.

"ಮಾತಾಡದ್ದಕ್ಕೆ ಬಹುಮಾನವಾ? ಹಾಗಾದ್ರೆ ಅತ್ತೆ ಎದುರು ಇಪ್ಪತ್ತು ವರ್ಷ ಸುಮ್ಮನಿದ್ದ ನಂಗೆ ಎಷ್ಟು ಕೊಡ್ಬೇಕು ಮಾರಾಯ್ತಿ?"

"ಅಜ್ಜಿ, ಜೋಕ್ ಬೇಡ. ನಂದು ಮೇನ್ ರೋಲ್. ಯಲ್ಲಾ, ಬೇಗ ಲೈನ್ಸ್ ನೋಡಿ."

ನನ್ನ ಏಳನೇ ತರಗತಿಯ ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸುತ್ತಾ, ಅವಳು ಗಡಿಬಿಡಿಯಲ್ಲಿ ಒದರುವುದನ್ನು ಕೇಳುತ್ತಾ, ಇಡೀ ಪಾತ್ರ ನನಗೆ ಬಾಯಿಪಾಠವಾಯಿತು. ನಮ್ಮ ಊರ ಶಾಲೆಯ ನಾಟಕದಲ್ಲಿ ನನ್ನದು ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುವ ಕೆಲಸ. ಮೂರು ಉಸಿರು ಕಾಯಬೇಕು. ಮತ್ತೂ ಪಾತ್ರಧಾರಿ ಸುಮ್ಮನಿದ್ದರೆ ಹೇಳಿಕೊಡಬೇಕು.

ನಾಟಕದ ದಿನ ಅನ್ವಿ ವೇದಿಕೆಯ ಮೇಲೆ, ನಾಟಕದೊಳಗಿನ ತಂದೆಯ ಖಾಲಿ ಕುರ್ಚಿಯ ಮುಂದೆ ನಿಂತವಳು ನಿಂತೇಬಿಟ್ಟಳು. ಒಂದು, ಎರಡು, ಮೂರು ಉಸಿರು. ನನ್ನ ಮುಂದಿನ ಸಾಲಿನಲ್ಲೇ ನಾಟಕಕಾರರು. ನಾನು ಎದ್ದು ನಿಂತು, "ಫಾದರ್, ಯುವರ್ ಟೀ ಈಸ್ ಕೋಲ್ಡ್!" ಎಂದು ಕೂಗಿದೆ. ಸಭಾಂಗಣವೇ ನಕ್ಕಿತು.

ಕಾರಿನಲ್ಲಿ ಅವಳು ಅತ್ತಳು. "ಅದು ಪಾಝ್, ಅಜ್ಜಿ! ಸೈಲೆಂಟ್ ಇರ್ಬೇಕು ಅಂತ ಅವ್ರೇ ಬರ್ದಿದ್ದು!"

"ಸುಮ್ಮನಿರುವುದನ್ನೂ ಬರೀತಾರೆ ಅಂತ ನಂಗೇನು ಗೊತ್ತು ಮಗಾ?"

ಮರುದಿನ ಎರಡನೇ ಪ್ರದರ್ಶನ. ನನ್ನನ್ನು ಕೊನೆಯ ಸಾಲಿನಲ್ಲಿ ಕೂರಿಸಿದರು. ಕುರ್ಚಿಯ ಮೌನ ಸರಿಯಾಗಿ ಸಾಗಿತು. ಕೊನೆಯ ದೃಶ್ಯದಲ್ಲಿ ಅವಳು ಮತ್ತೆ ನಿಂತಳು. ಅಲ್ಲಿ ಯಾವ ಮೌನವನ್ನೂ ಬರೆದಿರಲಿಲ್ಲ. ಹಿಂದಿನ ದಿನ ಅಲ್ಲಿ ಅವಳು ನಿಂತಿರಲೇ ಇಲ್ಲ. ಅವಳ ಕಣ್ಣು ಸಾಲುಸಾಲಾಗಿ ಹುಡುಕಿ ನನ್ನ ಮೇಲೆ ನಿಂತಿತು. ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ನಿನ್ನೆಯ ನಗು ಕಿವಿಯಲ್ಲಿತ್ತು. ನಾನು ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡೆ. ಕೊನೆಗೆ ಅವಳು ಆ ಮಾತು ಬಿಟ್ಟು ಮುಂದಿನದಕ್ಕೆ ಹೋದಳು.

ಪರದೆ ಬಿದ್ದಾಗ ಮೊದಲು ಎದ್ದು ಚಪ್ಪಾಳೆ ತಟ್ಟಿದವರೇ ನಾಟಕಕಾರರು. ಆ ಕೊನೆಯ ಮೌನ ಬರೆಯುವಾಗ ತಮಗೆ ಹೊಳೆಯಲಿಲ್ಲವಲ್ಲ ಎಂದು ಅನ್ವಿಯ ಕೈ ಕುಲುಕಿದರಂತೆ.

ಮನೆಗೆ ಬರುವಾಗ ಅವಳು ಮೆಲ್ಲಗೆ ಕೇಳಿದಳು: "ಅಜ್ಜಿ, ನಾನು ಮರ್ತದ್ದು ನಿಮ್ಗೆ ಗೊತ್ತಾಯ್ತಲ್ವಾ?"

"ನಾನು ಪಾಝ್ ಅಂತ ತಿಳ್ಕೊಂಡೆ ಮಗಾ."

ಪಾಪ, ನಂಬಿದಳು. ನನ್ನ ಭುಜಕ್ಕೆ ಒರಗಿ ನಿದ್ದೆಯನ್ನೂ ಮಾಡಿದಳು. ನಿಜ ಹೇಳಲು ಇಷ್ಟು ದಿನವಾದರೂ ಧೈರ್ಯ ಬಂದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಬರೆದದ್ದಾದರೂ ಕನ್ನಡದಲ್ಲಿ, ಅವಳಿಗೆ ಓದಲು ಬಾರದ ಭಾಷೆಯಲ್ಲಿ.