ನಮ್ಮ ಸಾರಿನ ಪುಡಿಯ ಸಮಾಜಸೇವೆ

ಏಪೆಕ್ಸ್, ನಾರ್ತ್ ಕ್ಯಾರೊಲೈನಾ
ನವೆಂಬರ್ 2006

ಮಾನ್ಯ ಮಿಸ್ ಮೆರಿಡಿತ್ ಅವರೇ,

ಮೂರು ಗ್ರೀಕ್ ಅಕ್ಷರಗಳನ್ನು ಟೀ ಶರ್ಟಿನ ಮೇಲೆ ಹೊತ್ತು ಲೋಕದ ಹಸಿವು ನೀಗಿಸಲು ಹೊರಟಿರುವ ತಮ್ಮ ಸೊರೊರಿಟಿ ಎಂಬ ಕಾಲೇಜು ಹುಡುಗಿಯರ ಸಂಘಕ್ಕೂ, ಅದರ ಸೇವಾ ವಿಭಾಗದ ಮುಖ್ಯಸ್ಥೆಯಾದ ತಮಗೂ, ಹದಿಮೂರು ದಿನಗಳಿಂದ ಸಾರಿನ ಮುಖ ಕಾಣದ ಒಬ್ಬ ತಂದೆಯ ಸವಿನಯ ವಂದನೆಗಳು.

ನನ್ನ ಮಗಳು ಶ್ರಾವಣಿಗೆ ತಮ್ಮ ಸಂಘ ಸೇರಿದೊಡನೆ ನಲವತ್ತೊಂದು ಅಕ್ಕತಂಗಿಯರು ದೊರೆತದ್ದು, ಅದೂ ಬಾಣಂತನದ ಖರ್ಚಿಲ್ಲದೆ ದೊರೆತದ್ದು, ನಮ್ಮ ಭಾಗ್ಯ. ಪ್ರತಿ ಸಹೋದರಿಯೂ ಸೆಮಿಸ್ಟರಿಗೆ ಇಪ್ಪತ್ತು ಗಂಟೆ ಸೇವೆ ಮಾಡಿ ಸಹಿ ಹಾಕಿಸಿಕೊಂಡು ಬರಬೇಕೆಂಬ ತಮ್ಮ ನಿಯಮವೂ ಶ್ಲಾಘನೀಯ. ಮನೆಯಲ್ಲಿ ಉಂಡ ತಟ್ಟೆ ಎತ್ತದ ಹುಡುಗಿ ಕಂಡವರ ಕಾರು ತೊಳೆಯುವುದನ್ನು ಕಣ್ಣಾರೆ ಕಂಡೆ; ನಮ್ಮ ಕಾರನ್ನೂ ಅಲ್ಲಿಗೇ ಒಯ್ದು ತೊಳೆಸಿಕೊಂಡೆ.

ತೊಂದರೆಯಾದದ್ದು ತಮ್ಮ ಆಹಾರ ಸಂಗ್ರಹದಲ್ಲಿ. ಡಬ್ಬಿಯ ಆಹಾರವೇ ಬೇಕೆಂದು ತಾವು ಅಪ್ಪಣೆ ಕೊಡಿಸಿದಿರಿ. ಮಗಳು ಇಬ್ಬರು ಸಹೋದರಿಯರೊಡನೆ ಬಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕಾರಿಗೆ ತುಂಬಿದಳು. ತಮ್ಮಲ್ಲಿ ಕಾಫಿ ಡಬ್ಬಿಯೊಳಗೆ ಕಾಫಿಯೇ ಇರುತ್ತದಂತೆ. ನಮ್ಮಲ್ಲಿ ಕಾಫಿ ಮುಗಿದ ಮೇಲೆಯೇ ಆ ಡಬ್ಬಿಯ ನಿಜವಾದ ಸಂಸಾರ ಶುರುವಾಗುವುದು. ಅದರಲ್ಲಿದ್ದದ್ದು ನಮ್ಮತ್ತೆಯವರು ಮೈಸೂರಿನಲ್ಲಿ ಮೂರು ದಿನ ಸೀನುತ್ತ ಮೆಣಸಿನಕಾಯಿ ಹುರಿದು, ಪುಡಿ ಮಾಡಿಸಿ ಕಳಿಸಿದ್ದ ಒಂದು ವರ್ಷದ ಸಾರಿನ ಪುಡಿ. ‘ಲೇಬಲ್ ಚೆಕ್ ಮಾಡ್ದೆ ಅಪ್ಪಾ, ಕಾಫಿ ಅಂತಾನೇ ಇತ್ತು’ ಎನ್ನುತ್ತಾಳೆ ಮಗಳು. ‘ಪುಡಿ ಹೇಗಿದೆ ಅಂತ ಅಮ್ಮ ಕೇಳಿದ್ರೆ ಏನು ಹೇಳ್ಲಿ?’ ಎಂದು ನನ್ನ ಹೆಂಡತಿ ಕಾತ್ಯಾಯಿನಿ ಫೋನಿನ ವೈರನ್ನೇ ಕಿತ್ತಿಟ್ಟಿದ್ದಾಳೆ.

ಬಡವರಿಗೆ ಸಾಮಾನು ಹಂಚುವ ಫುಡ್ ಬ್ಯಾಂಕಿನವರು ಅದನ್ನು ಕಾಫಿ ಯಂತ್ರಕ್ಕೆ ಸುರಿದು, ಚಳಿಯಲ್ಲಿ ಸಾಲು ನಿಂತವರಿಗೆಲ್ಲ ಕಪ್ಪು ತುಂಬಿ ಕೊಟ್ಟರೆಂದೂ, ಕಟ್ಟಿದ ಮೂಗುಗಳೆಲ್ಲ ಬಿಚ್ಚಿಕೊಂಡು ಜನ ಎರಡನೆಯ ಸಲ ಸಾಲಿಗೆ ಬಂದರೆಂದೂ, ಆ ಕೀರ್ತಿಯಿಂದ ತಮಗೆ ಕ್ಯಾಂಪಸ್ಸಿನ ಸೇವಾ ಫಲಕ ಲಭಿಸಿತೆಂದೂ ತಿಳಿದು ರೋಮಾಂಚನವಾಯಿತು.

ಆದ್ದರಿಂದ ತಾವು ದಯಮಾಡಿ ಕುಡಿದವರಿಂದ ಪುಡಿಯನ್ನು ವಾಪಸು ಕೊಡಿಸಬೇಕು. ಅದಾಗದಿದ್ದರೆ ಎಲ್ಲ ಸಹೋದರಿಯರೂ ನಮ್ಮ ಮನೆಗೆ ಬಂದು ಮೆಣಸಿನಕಾಯಿ ಹುರಿಯಬೇಕು; ಹೊಗೆಯ ಅಲಾರಂ ಕೂಗಿ ಫೈರ್ ಎಂಜಿನ್ ಬಂದರೆ ಅವರ ಉಪಚಾರ ನನಗಿರಲಿ. ಜೊತೆಗೆ ಅತ್ತೆಯವರನ್ನು ಸಂಘಕ್ಕೆ ಸೇರಿಸಿಕೊಂಡು, ಅವರು ಸೀನಿದ ಅಷ್ಟೂ ಗಂಟೆಗಳಿಗೆ ಸಹಿ ಹಾಕಬೇಕು.

ಬರೀ ಮೊಸರನ್ನದ ಬಲದಲ್ಲಿ ಇನ್ನೂ ನಿಂತಿರುವ
ತಮ್ಮ ವಿಶ್ವಾಸಿ,
ಗುರುದತ್

ತಾ.ಕ.: ಇದನ್ನು ಅಂಚೆಗೆ ಹಾಕುವಷ್ಟರಲ್ಲಿ ಕಾತ್ಯಾಯಿನಿ ಧೈರ್ಯ ಮಾಡಿ ತಾಯಿಗೆ ನಿಜ ಹೇಳಿಬಿಟ್ಟಳು. ‘ಹೌದೇನೇ, ಅವ್ರಿಗೆ ಹಿಡಿಸ್ತಾ?’ ಎಂದು ಎರಡು ಸಲ ಕೇಳಿದ ಅತ್ತೆಯವರು ಆ ಫುಡ್ ಬ್ಯಾಂಕಿಗೆಂದೇ ಮೂರು ಕೇಜಿ ಪುಡಿ ಮಾಡಿಸಲು ಕೂತಿದ್ದಾರೆ. ‘ನಮಗೆ?’ ಎಂದು ಕಾತ್ಯಾಯಿನಿ ಕೇಳಿದ್ದಕ್ಕೆ, ‘ಇಪ್ಪತ್ತು ವರ್ಷದಿಂದ ಉಂಡ್ರೂ ಅಳಿಯಂದ್ರು ಒಂದಿನ ಚೆನ್ನಾಗಿದೆ ಅಂದವರಲ್ಲ, ಅವ್ರಿಗೆ ಅಂಗಡಿ ಪುಡಿ ಸಾಕು’ ಎಂದರಂತೆ. ಆದಕಾರಣ ಫುಡ್ ಬ್ಯಾಂಕಿನ ಆ ಸಾಲು ಎಷ್ಟು ಗಂಟೆಗೆ ಶುರುವಾಗುತ್ತದೆ, ಲೋಟ ನಾವೇ ತರಬೇಕೇ ಎಂಬುದನ್ನು ಮರುಟಪಾಲಿನಲ್ಲಿ ತಿಳಿಸುವುದು.