ಮಿಕ್ಕಿದ ಒಂದು ಕಣ್ಣು

ಆ ದಿನದ ಗೋಳಿಗೆಲ್ಲ ಕಾರಣ ಒಂದೇ ಒಂದು ಗೊಂಬೆಯ ಕಣ್ಣು.

ಗೊಂಬೆಗಳಿಗೆ ಗಾಜಿನ ಕಣ್ಣು ಮಾಡುವ ಕಾರ್ಖಾನೆ ಅದು. ಕಣ್ಣುಗಳನ್ನು ಡಬ್ಬಕ್ಕೆ ತುಂಬುವ ಕೆಲಸ ಪುಕ್ಕಲಪ್ಪನದು. ಅವನಿಗೆ ಬೇರೆ ಹೆಸರಿತ್ತು, ಯಾರಿಗೂ ನೆನಪಿರಲಿಲ್ಲ. ಅಲ್ಲಿನ ಕಟ್ಟಳೆ ಹೀಗೆ: ಒಂದು ರಾಶಿಗೆ ಒಂದೇ ಅಳತೆಯ ಡಬ್ಬ, ಎಲ್ಲ ಡಬ್ಬವೂ ಭರ್ತಿ, ಸಂಜೆಗೆ ಮೇಜು ಖಾಲಿ. ಹಿಂದಿನ ವಾರ ಅವನು ಇದರಲ್ಲಿ ಎಡವಿದ್ದ. ಇನ್ನೊಮ್ಮೆ ತಪ್ಪಿದರೆ ಕೆಲಸಕ್ಕೆ ಬರುವುದೇ ಬೇಡ ಎಂದು ಮೇಸ್ತ್ರಿ ಹೇಳಿಬಿಟ್ಟಿದ್ದರು.

ಊಟ ಮುಗಿಸಿ ಬಂದು ಹತ್ತು ಗುಳಿಯ ಡಬ್ಬಗಳಿಗೆ ತುಂಬಿದ. ಒಂದು ಮಿಕ್ಕಿತು. ಎಲ್ಲವನ್ನೂ ಸುರಿದು ಒಂಬತ್ತರದಕ್ಕೆ ತುಂಬಿದ. ಆಗಲೂ ಒಂದು. ಎಂಟರದು, ಏಳರದು, ಆರರದು. ಪ್ರತಿ ಸಲವೂ ಒಂದು. ಉಳಿಯುತ್ತಿದ್ದ ಕಣ್ಣು ಬೇರೆ, ನೋಟ ಮಾತ್ರ ಅದೇ. ಊಟಕ್ಕೆ ಏಳಿ ಎನ್ನಲಿ ಎಂದು ಕಾದು ಕೂತ ಷಡ್ಡಕನ ಹಾಗೆ, ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಿತ್ತು. ಅವನು ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ.

ಪಕ್ಕದ ಮೇಜಿನಲ್ಲಿ ಪಾಪೆಗೆ ಬಣ್ಣ ಹಚ್ಚುವ ಅಕ್ಕ ನಕ್ಕಳು. "ಅದು ನಿನ್ನ ಮೆಚ್ಕೊಂಡಿದೆ ಕಣೋ. ಮನೆಗೆ ಕರ್ಕೊಂಡು ಹೋಗು, ನಿನ್ನ ಹೆಂಡ್ತಿ ಏನಂತಾಳೋ ನೋಡೋಣ."

ಗುಮಾಸ್ತರು ಬಂದು ಲೆಕ್ಕ ಹಾಕಿದರು. ಎರಡು ಸಾವಿರದ ಐನೂರ ಇಪ್ಪತ್ತೊಂದು. ಹನ್ನೊಂದರಿಂದ ಭಾಗಿಸಿದರು, ಹದಿಮೂರರಿಂದ ಭಾಗಿಸಿದರು, ಇನ್ನೂ ಮೇಲಕ್ಕೆ ಹೋದರು. ಕೊನೆಗೆ ಬೆವರು ಒರೆಸಿಕೊಂಡು ದನಿ ತಗ್ಗಿಸಿದರು.

"ಇದು ಅವಿಭಾಜ್ಯ ಸಂಖ್ಯೆ ಕಣಯ್ಯ. ಯಾವುದಕ್ಕೂ ಬಗ್ಗಲ್ಲ. ಒಂದೊಂದಕ್ಕೂ ಒಂದೊಂದು ಡಬ್ಬ ಮಾಡು, ಇಲ್ಲ ಎಲ್ಲಾನೂ ಒಂದೇ ಡಬ್ಬಕ್ಕೆ ಸುರಿ. ಮೂರನೇ ದಾರಿ ಇಲ್ಲ."

ಅಂಥ ಡಬ್ಬಗಳು ಅಲ್ಲಿರಲಿಲ್ಲ. ಹೊತ್ತು ಇಳಿಯುತ್ತಿತ್ತು. ಅಕ್ಕ ಕುಲುಮೆಯ ಕಡೆ ಸನ್ನೆ ಮಾಡಿದಳು. ಪುಕ್ಕಲಪ್ಪ ಮಿಕ್ಕಿದ ಕಣ್ಣನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಹೋಗಿ ಬೆಂಕಿಗೆ ಎಸೆದ. ಕರಗುವ ಮುಂಚೆ ಅದು ಒಂದು ಸಲ ಕಣ್ಣು ಹೊಡೆದ ಹಾಗೆ ಕಂಡಿತು.

ವಾಪಸು ಬಂದು ಹತ್ತರದಕ್ಕೆ ತುಂಬಿದ. ಎಲ್ಲವೂ ಭರ್ತಿ, ಮೇಜು ಖಾಲಿ. ಮುಚ್ಚಳ ಹಾಕಿ ಉಸಿರು ಬಿಡುವಷ್ಟರಲ್ಲಿ ಮೇಸ್ತ್ರಿ ಅರ್ಧ ಮುಖಕ್ಕೆ ಕರವಸ್ತ್ರ ಹಿಡಿದುಕೊಂಡು ಬಂದರು.

"ಮಧ್ಯಾಹ್ನ ತೊಳೆದು ನಿನ್ನ ಮೇಜಿನ ಮೇಲೆ ಆರೋಕಿಟ್ಟಿದ್ದೆ. ಯಾರಿಗೂ ಗೊತ್ತಾಗೋದು ಬೇಡ ಅಂತ ಇಷ್ಟೊತ್ತು ಸುಮ್ನಿದ್ದೆ."

"ಏನು ಸ್ವಾಮಿ?"

"ನನ್ನ ಕಣ್ಣು."

ಕರವಸ್ತ್ರ ಇಳಿಯಿತು. ಆ ಗುಳಿಯೊಳಗೆ ಏನೂ ಇರಲಿಲ್ಲ.

ಪುಕ್ಕಲಪ್ಪ ಕುಲುಮೆಯ ಕಡೆ ನೋಡಿದ. ತಾನು ಸುಟ್ಟದ್ದು ಯಾರದು? ಕಟ್ಟಿದ ಡಬ್ಬಗಳನ್ನೆಲ್ಲ ಬಿಚ್ಚಿದ. ಮೇಸ್ತ್ರಿ ಒಂದೊಂದಾಗಿ ನೋಡುತ್ತ ಬಂದು, ಕತ್ತಲಾಗುವ ಹೊತ್ತಿಗೆ ತಮ್ಮದನ್ನು ಗುರುತು ಹಿಡಿದರು. ಒರೆಸಿ ಹಾಕಿಕೊಂಡರು. ಸದ್ಯ, ಬದುಕಿದೆ ಎಂದುಕೊಂಡು ಪುಕ್ಕಲಪ್ಪ ಮತ್ತೆ ತುಂಬಿದ.

ಕೊನೆಯ ಡಬ್ಬದಲ್ಲಿ ಒಂದು ಗುಳಿ ಖಾಲಿ ಉಳಿಯಿತು.

ಒಂಬತ್ತರದಕ್ಕೆ ಕೈ ಹಾಕಿದವನನ್ನು ಗುಮಾಸ್ತರು ತಡೆದರು. ಮೇಸ್ತ್ರಿಯವರದು ಬಿಟ್ಟರೆ ರಾಶಿಯಲ್ಲಿ ಇದ್ದದ್ದು ಎರಡು ಸಾವಿರದ ಐನೂರ ಇಪ್ಪತ್ತು, ಇಲ್ಲಿರುವ ಯಾವ ಡಬ್ಬಕ್ಕೂ ಸರಿಹೋಗುತ್ತಿತ್ತು. ಒಂದು ಸುಟ್ಟಮೇಲೆ ಇನ್ನು ಯಾವುದಕ್ಕೆ ತುಂಬಿದರೂ ಕೊನೆಗೆ ಒಂದು ಕಡಿಮೆಯೇ ಎಂದರು.

ಮೇಸ್ತ್ರಿಯವರ ಒಂದು ಕಣ್ಣು ಖಾಲಿ ಗುಳಿಯ ಮೇಲೆ, ಇನ್ನೊಂದು ಪುಕ್ಕಲಪ್ಪನ ಮುಖದ ಮೇಲೆ ನಿಂತಿತ್ತು.

"ಒಂದು ಕಣ್ಣು ಬೇಕಲ್ಲಪ್ಪ," ಎಂದರು ಮೆಲ್ಲಗೆ.

ಪುಕ್ಕಲಪ್ಪ ಎರಡೂ ಕೈಯಿಂದ ತನ್ನ ಕಣ್ಣು ಮುಚ್ಚಿಕೊಂಡ.