ಡೆನ್ಮಾರ್ಕಿನಲ್ಲಿ ಸೀರೆ ಉಡಿಸಿದ್ದು

ಸೀರೆಯ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂಬ ಭರವಸೆಯ ಮೇಲೆಯೇ ನಾನು ಡೆನ್ಮಾರ್ಕಿಗೆ ಹೋದದ್ದು. ಐವತ್ತರ ದಶಕದ ಮಾತು. ಇಳಕಲ್ಲಿನ ನಮ್ಮ ನೇಕಾರರ ಸಂಘಕ್ಕೆ ಆಗ ನಾನು ಕಾರ್ಯದರ್ಶಿ. ಅಲ್ಲಿಯ ಒಂದು ಹಳ್ಳಿ ಶಾಲೆಯವರು, ಬೇಸಿಗೆಯಲ್ಲಿ ಹತ್ತು ದಿನ ಬಂದು ನಿಮ್ಮ ಕೈಮಗ್ಗದ ಬಗ್ಗೆ ಹೇಳಿ ಎಂದು ಕರೆದಿದ್ದರು. ಹಡಗಿನಲ್ಲಿ ಕಳೆದ ದಿನಗಳೇ ಅದಕ್ಕಿಂತ ಹೆಚ್ಚು.

ಹೊರಡುವಾಗ ಸಂಘದ ಅಧ್ಯಕ್ಷ ಬಸಪ್ಪನವರು ನನ್ನ ಕೈ ಹಿಡಿದುಕೊಂಡರು. “ಹತ್ತು ಮಗ್ಗ ಸುಮ್ನ ನಿಂತಾವ್ರಿ. ಅಲ್ಲಿ ಹೆಣ್ಮಕ್ಳು ನಮ್ಮ ಸೀರಿ ಮೆಚ್ಚಿದ್ರ ಒಂದಿಷ್ಟು ಆರ್ಡರ್ ಹಿಡ್ಕೊಂಡು ಬರ್ರಿ.”

“ಮೆಚ್ಚದ ಏನ್ ಮಾಡ್ತಾರ್ರಿ? ನಾ ಹೊಂಟೇನಲ್ಲ,” ಎಂದೆ.

ಟ್ರಂಕಿನಲ್ಲಿ ಕೆಂಪು ಸೆರಗಿನ ಮೂರು ಸೀರೆ ಇದ್ದವು. ಆ ಶಾಲೆಯ ಶಿಕ್ಷಕಿ ಇಂಗರ್ ಬಾಯಿಯವರ ಮನೆಯಲ್ಲಿ ನನ್ನ ವಸತಿ. ಮೂರನೆಯ ದಿನ ನನ್ನ ಭಾಷಣ. ಹಳ್ಳಿಯ ನಲವತ್ತು ಹೆಂಗಸರು ಬಂದು ಕೂತರು. ಸೀರೆಯ ಮೈಗೆ ಸೆರಗಿನ ನೂಲನ್ನು ಹೇಗೆ ಕೊಂಡಿ ಹಾಕಿ ಕೂಡಿಸುತ್ತೇವೆ ಎಂದು ನನ್ನ ಇಂಗ್ಲಿಷಿನಲ್ಲಿ ವಿವರಿಸಿದೆ. ಇಂಗರ್ ಅದನ್ನು ಅವರ ಭಾಷೆಗೆ ತಿರುಗಿಸಿದರು. ಚಪ್ಪಾಳೆ ಬಿತ್ತು. ಅಲ್ಲಿಗೇ ಮುಗಿಸಿದ್ದರೆ ನಾನು ಇವತ್ತಿಗೂ ದೊಡ್ಡ ಮನುಷ್ಯನೇ.

ಇಂಗರ್ ತಮ್ಮ ಫ್ರಾಕಿನ ಮೇಲೇ ಉಡಿಸಲೆಂದು ಎರಡೂ ತೋಳು ಎತ್ತಿ ನಿಂತು, “ಹೇಗೆ ಉಡುತ್ತಾರೆ, ತೋರಿಸಿ,” ಎಂದರು.

ಆಗ ಒಂದು ಸಂಗತಿ ಹೊಳೆಯಿತು. ನಾನು ಸೀರೆ ನೇಯ್ದವನು, ಮಡಿಚಿದವನು, ಮಾರಿದವನು. ಉಡುವುದನ್ನು ನೋಡಿದವನಲ್ಲ. ನನ್ನ ಹೆಂಡತಿ ಗಂಗವ್ವ ಸೀರೆ ಹಿಡಿದು ಒಳಗೆ ಹೋಗುತ್ತಿದ್ದಳು, ಉಟ್ಟು ಹೊರಗೆ ಬರುತ್ತಿದ್ದಳು. ನಡುವೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ.

ಮೇಲಾಗಿ ಇಂಗರ್ ಅವರ ಗಂಡ ಪೈಪು ಕಚ್ಚಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು. ಪರಸ್ತ್ರೀಯನ್ನು ಮುಟ್ಟದೆ ಕೆಲಸ ಮುಗಿಸಬೇಕೆಂದು ನಿರ್ಧರಿಸಿದೆ. ಒಂದು ತುದಿಯನ್ನು ಅವರ ಕೈಗೆ ಕೊಟ್ಟು, ದೂರ ನಿಂತು, “ಸುತ್ತಿಕೊಳ್ಳಿ,” ಎಂದೆ. ಅವರು ಗಿರಗಿರನೆ ತಿರುಗಿದರು. ನಾಲ್ಕು ಸುತ್ತಿಗೆ ಕಾಲು ಅಲುಗದಂತಾಯಿತು. ನನ್ನ ಕೈಯಲ್ಲಿ ಇನ್ನೂ ಅರ್ಧ ಸೀರೆ ಉಳಿದಿತ್ತು.

“ಇದು?”

“ಅದು ನಿರಿಗೆಗೆ,” ಎಂದು ಗಂಭೀರವಾಗಿ ಹೇಳಿ ಮಡಿಕೆ ಹಾಕಿದೆ. ಸಿಕ್ಕಿಸುವುದು ಎಲ್ಲಿ? ಧೈರ್ಯ ಸಾಲದೆ ಅದನ್ನೂ ಅವರ ಕೈಗೇ ಕೊಟ್ಟೆ. ಉಳಿದ ಸೆರಗನ್ನು ಹೆಗಲಿಗೆಂದು ಎಸೆದೆ. ಅದು ಮುಖದ ಮೇಲೆ ಬಿತ್ತು. ಕಣ್ಣು ಕಾಣದ, ಕಾಲು ಬಾರದ ಆ ತಾಯಿ ನಿಂತ ನಿಲುವಿನಲ್ಲೇ ವಾಲಿ ಗಂಡನ ಮೇಲೆ ಬಿದ್ದರು. ಪೈಪು ಹಾರಿತು. ಹಿಡಿಯಲು ಹೋದ ನಾನು ಸೀರೆಯನ್ನು ಹಿಡಿದು ಎಳೆದೆ. ಅವರು ಬುಗುರಿಯಂತೆ ತಿರುಗುತ್ತ ವಾಪಸ್ಸು ಬಂದರು.

ಮುದುಕಿಯೊಬ್ಬಳು ಎದ್ದು ಏನೋ ಕೇಳಿದಳು. ಇಂಗರ್ ಏದುಸಿರು ಬಿಡುತ್ತಲೇ ತಿರುಗಿಸಿ ಹೇಳಿದರು: “ನಿಮ್ಮ ಹೆಂಡತಿ ದಿನವೂ ಹೀಗೇ ಉಡುತ್ತಾರಾ?”

“ದಿನವೂ,” ಎಂದೆ.

ಮುದುಕಿ ನನ್ನನ್ನು ನೋಡಿದ ಆ ನೋಟ! ನಮ್ಮ ದೇಶದ ಅಷ್ಟೂ ಹೆಂಗಸರನ್ನು ನಾನೊಬ್ಬನೇ ಕಟ್ಟಿಹಾಕಿದ್ದೇನೆ ಎಂಬಂತಿತ್ತು.

ಆರ್ಡರಿನ ಮಾತೆತ್ತಲು ನಾಲಿಗೆ ಬರಲಿಲ್ಲ. ಮೂರೂ ಸೀರೆಗಳನ್ನು ಇಂಗರ್‌ಗೆ ಕಾಣಿಕೆ ಕೊಟ್ಟು ಬಂದೆ. ಮನೆಯಲ್ಲಿ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಿದೆ.

“ನಿರಿಗಿ ಎಲ್ಲಿ ಸಿಗಿಸಿದ್ರಿ?” ಎಂದಳು ಗಂಗವ್ವ.

“ಆಕಿ ಕೈಯಾಗ ಕೊಟ್ಟೆ.”

ಅವಳು ಮೊರ ಕೆಳಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನಕ್ಕದ್ದು ಪಕ್ಕದ ಮನೆಗೂ ಕೇಳಿಸಿತು.

ಎರಡು ತಿಂಗಳಿಗೆ ಇಂಗರ್ ಅವರಿಂದ ಪತ್ರ ಬಂತು. ಮೊದಲ ಸಾಲಿನಲ್ಲೇ ನಲವತ್ತು ಸೀರೆಗೆ ಆರ್ಡರ್! ಮುಂದಿನದನ್ನು ಓದುವ ಮೊದಲೇ ಬಸಪ್ಪನವರು ಪೇಢೆ ಹಂಚಿಸಿದರು, ನನಗೊಂದು ಹಾರ ಹಾಕಿಸಿದರು, ನೇಕಾರರನ್ನೆಲ್ಲ ಕೂಡಿಸಿದರು.

“ಪತ್ರ ಓದ್ರಿ, ಎಲ್ಲಾರೂ ಕೇಳ್ಲಿ.”

ನಾನು ಓದುತ್ತ ಕನ್ನಡದಲ್ಲಿ ಹೇಳುತ್ತ ಹೋದೆ: “ನಮ್ಮಲ್ಲಿ ಬೇಸಿಗೆಯಲ್ಲಿ ನಸುಕಿನ ನಾಲ್ಕಕ್ಕೇ ಬೆಳಕು. ಮಕ್ಕಳಿಗೆ ನಿದ್ದೆಯಿಲ್ಲ. ನಿಮ್ಮ ಸೀರೆಗಳನ್ನು ಮಡಿಸಿ ಕಿಟಕಿಗೆ ಕಟ್ಟಿದೆವು. ಬಹಳ ಉಪಯೋಗವಾಯಿತು. ಊರಿನವರೆಲ್ಲ ಕೇಳುತ್ತಿದ್ದಾರೆ. ಸೆರಗು ಮೇಲೆ ಬರಬೇಕೋ ಕೆಳಗೆ ಬರಬೇಕೋ ದಯವಿಟ್ಟು ತಿಳಿಸಿ.”

ಬಸಪ್ಪನವರು ಉಳಿದ ಪೇಢೆಯ ಡಬ್ಬಿ ಮುಚ್ಚಿಟ್ಟು, “ಇರ್ಲಿ ಬಿಡ್ರಿ, ಮಗ್ಗಂತೂ ನಡೀತಾವ. ಜವಾಬು ಬರದ್ಬಿಡ್ರಿ,” ಎಂದರು.

ನಾನು ಹಾರ ತೆಗೆದಿಟ್ಟು, ಪತ್ರ ಹಿಡಿದು ಮನೆಗೆ ನಡೆದೆ. ಗಂಗವ್ವನನ್ನು ಕೇಳದೆ ಬರೆಯುವ ಧೈರ್ಯ ಇರಲಿಲ್ಲ.